ಎನ್‌ಬಿಎ ಅದಲುಬದಲು: ಮೊದಲು ಸಂಬಳದ ಲೆಕ್ಕ ನೋಡಿ

2025ರ ಫೆಬ್ರವರಿ 2, ಭಾನುವಾರ. ಹೆಂಚಿನ ಮೇಲೆ ದೋಸೆ ಹುಯ್ದು ಮೊಬೈಲ್ ನೋಡಿದರೆ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಡಲ್ಲಾಸ್ ತಂಡ ತನ್ನ ತಾರಾ ಆಟಗಾರ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ತಂಡಕ್ಕೆ ಕೊಟ್ಟು ಆಂಥನಿ ಡೇವಿಸ್‌ನನ್ನು ಪಡೆದಿತ್ತು. ದೋಸೆ ಸೀದುಹೋಯಿತು. ಇಂಥ ಸುದ್ದಿ ನಂಬುವ ಮೊದಲು ನಾನು ಲೆಕ್ಕದ ಪುಸ್ತಕ ತೆರೆಯುತ್ತೇನೆ.

ಮೊದಲು ಪ್ರತಿ ತಂಡದ ಒಟ್ಟು ಸಂಬಳ ಬರೆದುಕೊಳ್ಳಿ. 2024–25ರ ವೇತನ ಮಿತಿ ಸುಮಾರು 14.06 ಕೋಟಿ ಡಾಲರ್. ಅದು ಹೆಸರಿಗಷ್ಟೇ ಮಿತಿ. ವಿನಾಯಿತಿಗಳ ಕಿಂಡಿಯಲ್ಲಿ ಬಹುತೇಕ ತಂಡಗಳು ನುಸುಳುತ್ತವೆ. ನಿಜವಾಗಿ ಕಚ್ಚುವುದು ಅದರ ಮೇಲಿನ, ‘ಏಪ್ರನ್’ ಎಂಬ ಎರಡು ಗೆರೆಗಳು: ಮೊದಲ ಏಪ್ರನ್ 17.81 ಕೋಟಿ, ಎರಡನೆಯದು 18.89 ಕೋಟಿ. ಮೊದಲನೆಯದರ ಮೇಲಿರುವ ತಂಡ ತಾನು ಕಳುಹಿಸಿದ ಸಂಬಳಕ್ಕಿಂತ ಹೆಚ್ಚಿನದನ್ನು ಪಡೆಯುವಂತಿಲ್ಲ. ಎರಡನೆಯದನ್ನು ದಾಟಿದರೆ, ಇಬ್ಬರ ಸಂಬಳ ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ದಾರಿಯೂ ಬಂದ್.

ಈಗ ಹೆಸರುಗಳನ್ನು ಎದುರುಬದುರು ಇಡಿ. ಡಾನ್ಚಿಚ್ 4.30 ಕೋಟಿ, ಡೇವಿಸ್ 4.32 ಕೋಟಿ, ತಕ್ಕಡಿ ಸಮ. ಆದರೆ ಡಾನ್ಚಿಚ್ ಜೊತೆ 1.1 ಕೋಟಿಯ ಮ್ಯಾಕ್ಸಿ ಕ್ಲೀಬರ್ ಕೂಡ ಬಂದ. ಅದಕ್ಕೇ ಲೇಕರ್ಸ್ ಮ್ಯಾಕ್ಸ್ ಕ್ರಿಸ್ಟಿಯನ್ನು ಡಲ್ಲಾಸ್‌ಗೂ, ಸುಮಾರು 39 ಲಕ್ಷದ ಜೇಲನ್ ಹುಡ್-ಶಿಫೀನೊನನ್ನು ಯೂಟಾಗೂ ಕಳುಹಿಸಿತು. ಯೂಟಾಗೆ ಸಿಕ್ಕ ಕೂಲಿ, ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಕಾರ್ಯಕ್ರಮದಲ್ಲಿ, ಎರಡನೇ ಸುತ್ತಿನ ಎರಡು ಆಯ್ಕೆಗಳು. ಮದುವೆಯಲ್ಲಿ ಬೀಗರಿಗಿಂತ ಅಡುಗೆಯವರನ್ನು ಗಮನಿಸುವವನು ನಾನು. ಈ ಮೂರನೆಯ ತಂಡವೇ ನನಗೆ ಇಷ್ಟ.

ಕೊನೆಗೆ ಡ್ರಾಫ್ಟ್ ಆಯ್ಕೆ ನೋಡಿ. ಮುಂದಿನ ಯಾವುದೇ ಎರಡು ಸತತ ವರ್ಷ ಮೊದಲ ಸುತ್ತಿನ ಆಯ್ಕೆಯೇ ಇಲ್ಲದಂತೆ ಮಾರಿಕೊಳ್ಳುವಂತಿಲ್ಲ. ಮೊದಲ ಸುತ್ತಿನಲ್ಲಿ ಲೇಕರ್ಸ್ ಕೊಟ್ಟದ್ದು 2029ರದ್ದೊಂದೇ.