ಚೈನ್‌ಸಾಗೆ ಚೈನ್ ಕೊಳ್ಳುವ ಮುನ್ನ ಬಾರ್ ಒರೆಸಿ ನೋಡಿ

"ಅಣ್ಣಾ, ಹದಿನಾರು ಇಂಚಿಂದು ಒಂದು ಚೈನ್ ಕೊಡ್ರಿ." ಹೋದ ಮಳೆಗಾಲದಲ್ಲಿ ಗೋವಾದ ಮಾಪ್ಸಾದ ಅಂಗಡಿಯೊಂದರಲ್ಲಿ ನಾನು ಕೇಳಿದ್ದು ಇಷ್ಟೇ. ಅಂಗಡಿಯವ ಗದಗಿನ ಕಡೆಯವ. "ಹದಿನಾರು ಇಂಚು ಬಾರಿಂದಾತ್ರಿ, ಚೈನಿಂದು ಹೇಳ್ರಿ" ಅಂದ. ಅಂಗಳದಲ್ಲಿ ತೆಂಗಿನಮರ ಅಡ್ಡಬಿದ್ದಿತ್ತು, ನನಗೆ ಅವಸರ. ಯಾವುದೋ ಒಂದನ್ನು ತಂದೆ. ಅದು ಬಾರಿನ (ಚೈನ್ ಸುತ್ತಿ ಓಡುವ ಉದ್ದ ಪಟ್ಟಿಯ) ಸೀಳಿಗೆ ಇಳಿಯಲೇ ಇಲ್ಲ.

ಮೊದಲು ಯಂತ್ರ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ, ಕೈಗವಸು ಹಾಕಿಕೊಳ್ಳಿ. ಕವರ್ ಬಿಚ್ಚಿ ಬಾರ್ ಹೊರತೆಗೆದು, ಯಂತ್ರದೊಳಗೆ ಕೂರುವ ತುದಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ. ಎಣ್ಣೆಜಿಡ್ಡಿನಡಿ ಸಾಮಾನ್ಯವಾಗಿ ಪಿಚ್ (ರಿವೆಟ್‌ಗಳ ನಡುವಿನ ಅಂತರ), ಗೇಜ್ (ದಪ್ಪ), ಕೆಲವದರಲ್ಲಿ ಲಿಂಕ್ (ಕೊಂಡಿ) ಸಂಖ್ಯೆಯೂ ಅಚ್ಚಾಗಿರುತ್ತದೆ.

ಅಚ್ಚು ಅಳಿಸಿದ್ದರೆ ಹಳೇ ಚೈನ್ ಅಳೆಯಿರಿ. ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಇರುವ ದೂರದ ಅರ್ಧವೇ ಪಿಚ್. ದೂರ ಸುಮಾರು 19 ಮಿ.ಮೀ. ಬಂದರೆ 3/8 ಇಂಚು, 16.5 ಬಂದರೆ .325 ಇಂಚು. ಎಡವುವುದು ಇಲ್ಲೇ: 3/8ರಲ್ಲೇ ಸಣ್ಣ ಯಂತ್ರಗಳ ಲೋ ಪ್ರೊಫೈಲ್ (ಎತ್ತರ ಕಡಿಮೆಯದು) ಬೇರೆ, ದೊಡ್ಡ ಯಂತ್ರಗಳದು ಬೇರೆ. ಅಳತೆ ಒಂದೇ ಕಂಡರೂ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬೇಡಿ.

ಗೇಜ್ ಎಂದರೆ ಬಾರಿನ ಸೀಳಿನಲ್ಲಿ ಓಡುವ ಡ್ರೈವ್ ಲಿಂಕಿನ ದಪ್ಪ. 1.1, 1.3, 1.5, 1.6 ಮಿ.ಮೀ. ಬಳಕೆಯಲ್ಲಿವೆ. ದಪ್ಪದ್ದು ಸೀಳಿಗೆ ಇಳಿಯದು, ತೆಳ್ಳಗಿನದು ಅಲುಗಾಡಿ ಅಡ್ಡ ಕತ್ತರಿಸುತ್ತದೆ. ಆಮೇಲೆ ಒಂದು ಡ್ರೈವ್ ಲಿಂಕಿಗೆ ಸುಣ್ಣದ ಗುರುತು ಹಾಕಿ, ಅಲ್ಲಿಂದ ಡ್ರೈವ್ ಲಿಂಕುಗಳನ್ನಷ್ಟೇ ಎಣಿಸುತ್ತ ಸುತ್ತು ಬನ್ನಿ. ಅದೇ 16 ಇಂಚಿನ ಬಾರಿಗೆ ಲೋ ಪ್ರೊಫೈಲಿನಲ್ಲಿ 55 ಲಿಂಕ್ ಬೇಕಾಗಬಹುದು, 56 ಬೇಕಾಗಬಹುದು; .325ರಲ್ಲಿ 66ರ ಆಸುಪಾಸು.

ಇನ್ನು ಹಲ್ಲು. ಚೂಪು ಮೂಲೆಯ ಫುಲ್ ಚಿಸೆಲ್ ಶುಭ್ರವಾದ ಮೆದು ಮರದಲ್ಲಿ ಬೆಣ್ಣೆಯಂತೆ ಹೋಗುತ್ತದೆ, ಮರಳು ತಾಗಿದರೆ ಮೊಂಡಾಗುತ್ತದೆ. ಕೆಸರಿನಲ್ಲಿ ಬಿದ್ದ ತೆಂಗಿಗೆ, ಒಣ ಹಲಸಿಗೆ ಮೂಲೆ ದುಂಡಾದ ಸೆಮಿ ಚಿಸೆಲ್ಲೇ ಬಾಳುತ್ತದೆ. ಗೋವಾದ ಹಿತ್ತಲಿಗೆ ನಾನು ಬೇರೆ ಕೊಳ್ಳುವುದಿಲ್ಲ. (ನಿಂತ ಮರಕ್ಕೆ ಕೈಹಾಕುವ ಮುನ್ನ ಅನುಮತಿ ಪಡೆಯಿರಿ, 1984ರ ಮರ ಸಂರಕ್ಷಣಾ ಕಾಯ್ದೆ ಇಲ್ಲಿ ಜಾರಿಯಲ್ಲಿದೆ.)

ಚೈನನ್ನು ತಿರುಗಿಸುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಸವೆದು ಗುಣಿ ಬಿದ್ದಿದ್ದರೆ ಅದನ್ನೂ ಬದಲಿಸಿ, ಇಲ್ಲವಾದರೆ ಹೊಸ ಚೈನನ್ನು ಅದೇ ತಿಂದುಹಾಕುತ್ತದೆ. ಜತೆಗೆ ಹಲ್ಲು ಮಸೆಯುವ ಅರವನ್ನೂ ಕೇಳಿ ತನ್ನಿ: ಲೋ ಪ್ರೊಫೈಲಿಗೆ 4 ಮಿ.ಮೀ., .325ಕ್ಕೆ 4.8. ಹೊಸ ಚೈನ್ ಮೊದಲ ಹತ್ತು ನಿಮಿಷದಲ್ಲೇ ಸಡಿಲಾಗುತ್ತದೆ. ಯಂತ್ರ ನಿಲ್ಲಿಸಿ, ಅದು ತಣ್ಣಗಾದ ಮೇಲೆ ಬಿಗಿ ಮಾಡಿ.