ಎಂಜಿನ್ ಮಿಸ್ಸಿಂಗ್: ಬಿಡಿಭಾಗ ಕೊಳ್ಳುವ ಮೊದಲು ಸಿಲಿಂಡರ್ ಪತ್ತೆ ಮಾಡಿ

ಮಳೆ ಹಿಡಿಯಿತೆಂದರೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ವರ್ಕ್‌ಶಾಪ್‌ಗಳಲ್ಲಿ ‘ಮಿಸ್ಸಿಂಗ್’, ಅಂದರೆ ಎಂಜಿನ್ನಿನ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂಬ ದೂರು ಹೆಚ್ಚುತ್ತದೆ. ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜಗ್ಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಆಗ ಹೆಚ್ಚಿನವರು ಮೊದಲು ಕಿಡಿ ಹೊತ್ತಿಸುವ ಎಲ್ಲ ಪ್ಲಗ್‌ಗಳನ್ನು, ಅದಕ್ಕೂ ಸರಿಹೋಗದಿದ್ದರೆ ಪ್ಲಗ್ಗಿಗೆ ವಿದ್ಯುತ್ ಕೊಡುವ ಎಲ್ಲ ಕಾಯಿಲ್‌ಗಳನ್ನು ಬದಲಿಸಿ, ಕೊನೆಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆಸಿ, ಮೂರು ಬಾರಿ ಹಣ ತೆತ್ತು, ದೋಷ ಎಲ್ಲಿತ್ತೆಂದು ತಿಳಿಯದೆಯೇ ಮನೆಗೆ ಮರಳುತ್ತಾರೆ. ಯಾವ ಸಿಲಿಂಡರ್ ಕೈಕೊಟ್ಟಿದೆ, ಏಕೆ ಕೈಕೊಟ್ಟಿದೆ ಎಂದು ಗೊತ್ತಾಗುವ ತನಕ ಏನನ್ನೂ ಕೊಳ್ಳಬಾರದು.

ದೀಪ ಮಿನುಗುತ್ತಿದ್ದರೆ ಗಾಡಿಯನ್ನು ಬದಿಗೆ ಹಾಕಿ ಎಂಜಿನ್ ಆರಿಸಿ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ. ಆ ಕನ್ವರ್ಟರಿನ ಬೆಲೆ ಒಂದು ಕಾಯಿಲ್‌ನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿಯ ದೋಷ ಓದುವ ಕಿಂಡಿಗೆ) ಸ್ಕ್ಯಾನರ್ ಸಿಕ್ಕಿಸಿ ದೋಷದ ಕೋಡ್ ಓದಿ, ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎಂದರೆ ಎರಡನೆಯದು, ಹೀಗೆಯೇ ಮುಂದಕ್ಕೆ. ಸಾಮಾನ್ಯವಾಗಿ ಬೆಲ್ಟ್ ಅಥವಾ ಚೈನ್ ಇರುವ ತುದಿಯದೇ ಒಂದನೇ ಸಿಲಿಂಡರ್. ಆದರೂ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ, ಏಕೆಂದರೆ ತಪ್ಪು ತುದಿಯಿಂದ ಎಣಿಸಿ ಒಳ್ಳೆಯ ಕಾಯಿಲ್ ಬಿಸಾಡಿದವರಿದ್ದಾರೆ. ಪಿ0300 ಬಂದರೆ ದೋಷ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ. ಆಗ ಗಾಳಿ ಸೋರುವ ವ್ಯಾಕ್ಯೂಮ್ ಪೈಪು, ಇಂಧನದ ಒತ್ತಡ, ನೀರು ಬೆರೆತ ಪೆಟ್ರೋಲ್ ಇವುಗಳನ್ನು ಮೊದಲು ಶಂಕಿಸಬೇಕು.

ಬಾನೆಟ್ ತೆರೆದು ವೈರುಗಳನ್ನು ನೋಡಿ. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಇಲಿ ಕಡಿದ ವೈರೇ ಇಡೀ ರಗಳೆಗೆ ಕಾರಣವಾಗಿರುವುದುಂಟು.

ಇನ್ನು ಕೆಲಸ ಕೆಡುವ ಹಂತಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿರುವಾಗ ಪ್ಲಗ್ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ (ಸಿಲಿಂಡರುಗಳ ಮೇಲಿನ ಭಾಗದ) ಮರೆ, ಅಂದರೆ ತಿರುಪಿನ ಸುರುಳಿ, ಕಿತ್ತುಬರುತ್ತದೆ. ಕಾಯಿಲ್‌ನ ಕನೆಕ್ಟರ್ ಬಿಸಿಗೆ ಪೆಡಸಾಗಿರುವುದರಿಂದ ವೈರು ಹಿಡಿದು ಎಳೆಯದೆ, ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ತೆಗೆದು ಕಾಯಿಲನ್ನು ಸ್ವಲ್ಪ ತಿರುವುತ್ತ ಮೇಲಕ್ಕೆತ್ತಿ. ಈಗ ಟಾರ್ಚ್ ಹಿಡಿದು ಪ್ಲಗ್ ಕೂತಿರುವ ಬಾವಿಯನ್ನು ನೋಡಿ. ಅಲ್ಲಿ ನೀರಿದ್ದರೆ ಮಳೆಯೋ ಪ್ರೆಷರ್ ವಾಷೋ ಕಾರಣ. ಒಣಗಿಸಿ ಕೂರಿಸಿದರೆ ಎಷ್ಟೋ ಗಾಡಿಗಳು ಅಷ್ಟಕ್ಕೇ ಸರಿಯಾಗುತ್ತವೆ. ಎಣ್ಣೆಯಿದ್ದರೆ ಟ್ಯಾಪೆಟ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳದ) ಸೀಲ್ ಹೋಗಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದರ ರಬ್ಬರೂ ಉಬ್ಬಿ ಹಾಳಾಗುತ್ತದೆ. ಕಾಯಿಲ್‌ನ ರಬ್ಬರ್ ಕೊಳವೆಯ ಒಳಗೆ ಅಥವಾ ಪ್ಲಗ್ಗಿನ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಸ್ಪಾರ್ಕ್ ಅಡ್ಡದಾರಿ ಹಿಡಿದಿದೆ ಎಂದರ್ಥ. ಆ ಎರಡನ್ನೂ ಬದಲಿಸಬೇಕು.

ಏನೂ ಕಾಣದಿದ್ದರೆ ಅದಲುಬದಲು ಪರೀಕ್ಷೆ ಮಾಡಿ. ಕೋಡ್ ಪಿ0301 ಆಗಿದ್ದರೆ ಒಂದನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರರದ್ದನ್ನು ಒಂದಕ್ಕೂ ಹಾಕಿ, ಕೋಡ್ ಅಳಿಸಿ ಗಾಡಿ ಓಡಿಸಿ. ಪಿ0301 ಹೋಗಿ ಪಿ0303 ಬಂದರೆ ಕಾಯಿಲ್ಲೇ ಅಪರಾಧಿ. ಪಿ0301 ಅಲ್ಲೇ ಉಳಿದರೆ ಇನ್ನು ಪ್ಲಗ್ಗುಗಳನ್ನು ಅದೇ ರೀತಿ ಬದಲಾಯಿಸಿ ನೋಡಿ. ಸಮಯ ಉಳಿಸಲೆಂದು ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿದೆ ಎಂಬುದು ಗೊತ್ತಾಗದೆ ಪರೀಕ್ಷೆಯೇ ವ್ಯರ್ಥ. ಓಡುತ್ತಿರುವ ಎಂಜಿನ್ನಿನಿಂದ ಕಾಯಿಲ್ ಎತ್ತಿ ನೋಡುವ ಹಳೆಯ ಉಪಾಯ ಬೇಡವೇ ಬೇಡ. ಅಲ್ಲಿರುವುದು ಸಾವಿರಾರು ವೋಲ್ಟ್.

ಪ್ಲಗ್ ಸಡಿಲಿಸುವ ಮೊದಲು ಅದರ ಸುತ್ತ ಕೂತಿರುವ ನಮ್ಮ ಮುರಕಲ್ಲಿನ ಕೆಂಪು ಧೂಳನ್ನು ಗಾಳಿಯಿಂದ ಊದಿ ತೆಗೆಯಬೇಕು, ಇಲ್ಲದಿದ್ದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಕಂಪ್ರೆಸರ್ ಇಲ್ಲದವರಿಗೆ ಸೈಕಲ್ ಪಂಪು ಸಾಕು. ಹೊರಬಂದ ಪ್ಲಗ್ಗಿನ ತುದಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ದಹನ ಸರಿಯಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಸ್ಪಾರ್ಕ್ ಬರುತ್ತಿಲ್ಲ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಇರಿಡಿಯಂ ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಪೊಟ್ಟಣದ ಮುದ್ರಣ ಮಸುಕಾಗಿರುವ ಅಗ್ಗದ ಪ್ಲಗ್ ನಕಲಿಯಾಗಿರುವ ಸಾಧ್ಯತೆ ಹೆಚ್ಚು; ನಂಬಿಕೆಯ ಅಂಗಡಿಯಲ್ಲಿ, ಕೈಪಿಡಿ ಹೇಳಿದ ನಂಬರಿನದ್ದನ್ನೇ ಕೊಳ್ಳಿ. ಟ್ಯಾಂಕಿಗೆ ಸುರಿಯುವ ‘ಎಂಜಿನ್ ಕ್ಲೀನರ್’ ಬಾಟಲಿಗಳು ಕೆಟ್ಟ ಕಾಯಿಲನ್ನು ಸರಿಪಡಿಸಲಾರವು.

ಪ್ಲಗ್ ಮರಳಿ ಹಾಕುವಾಗ ಅದರ ತಲೆಗೆ ಗೇಣುದ್ದದ ರಬ್ಬರ್ ಪೈಪ್ ಸಿಕ್ಕಿಸಿ, ಬೆರಳಲ್ಲಿ ಪೈಪನ್ನು ತಿರುಗಿಸುತ್ತ ಇಳಿಸುವುದೇ ನನ್ನ ಪ್ರಕಾರ ಸರಿಯಾದ ಕ್ರಮ, ಏಕೆಂದರೆ ಮರೆ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆಯೇ ಹೊರತು ಹೆಡ್ಡಿಗೆ ಏನೂ ಆಗುವುದಿಲ್ಲ. ಕೈಗೆ ಬಿಗಿಯಾದ ಮೇಲೆ, ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಮಾಡಿ. ಅದಿಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು ಸಾಕು. ಮರೆಗೆ ಗ್ರೀಸ್ ಹಚ್ಚಿದರೆ ಅರಿವಿಲ್ಲದೆ ಹೆಚ್ಚು ಬಿಗಿಯಾಗುತ್ತದೆ.

ಕಾಯಿಲ್, ಪ್ಲಗ್ ಎರಡನ್ನೂ ಬದಲಾಯಿಸಿ ನೋಡಿದ ಮೇಲೂ ಕೋಡ್ ಕದಲದಿದ್ದರೆ ಇಂಜೆಕ್ಟರ್ ಮತ್ತು ಅದರ ವೈರಿಂಗ್ ಪರೀಕ್ಷಿಸಿ, ಬಳಿಕ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿಸಿ. ಉಳಿದವುಗಳಲ್ಲಿ 170 ಪಿಎಸ್‌ಐ ತೋರಿಸಿ ಒಂದರಲ್ಲಿ 110 ಮಾತ್ರ ಬಂದರೆ, ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ; ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಈ ಎರಡೂ ಮನೆಯಂಗಳದ ಕೆಲಸವಲ್ಲ. ಎಂಜಿನ್ ಬಿಚ್ಚಲು ಒಪ್ಪುವ ಮೊದಲು ಎಲ್ಲ ಸಿಲಿಂಡರುಗಳ ಅಂಕಿಗಳನ್ನು ಮೆಕ್ಯಾನಿಕ್ ಕೈಯಲ್ಲಿ ಕಾಗದದ ಮೇಲೆ ಬರೆಸಿಕೊಳ್ಳಿ.