ಝುಣಕ, ಭಾಕರಿ, ಪುಳಿಮುಂಚಿ: ಕ್ಯಾಲೊರಿ ಮತ್ತು ಪ್ರೋಟೀನ್ ಲೆಕ್ಕಕ್ಕೆ ಕೂಡುವ ಅಡುಗೆ ಆರಿಸುವ ಬಗೆ

ಕಡಿಮೆ ಕ್ಯಾಲೊರಿಯ ಅಡುಗೆ ಎಂದು ಹುಡುಕಿದರೆ ಸೌತೆಕಾಯಿ ಸಲಾಡ್, ಸೂಪ್, ಓಟ್ಸ್ ಸಾಲುಗಟ್ಟಿ ಬರುತ್ತವೆ. ಮುಂಬೈ ಪಕ್ಕದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವವರಿಗೆ ಅದರಿಂದ ಮಧ್ಯಾಹ್ನದ ಹಸಿವೂ ತಣಿಯದು, ದಿನದ ಪ್ರೋಟೀನೂ ತುಂಬದು. ಪ್ರತಿ 100 ಕ್ಯಾಲೊರಿಗೆ ಎಷ್ಟು ಗ್ರಾಂ ಪ್ರೋಟೀನ್ ಬರುತ್ತದೆ ಎಂದು ನೋಡಿ ಅಡುಗೆ ಆರಿಸಿದರೆ ಮನೆಯ ಊಟದಲ್ಲೇ ಲೆಕ್ಕ ಕೂಡುತ್ತದೆ.

ಮೊದಲು ನಿಮ್ಮ ಅಂಕಿ, ಅಂದರೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಎಂಬುದು ಗೊತ್ತಿರಬೇಕು. ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಇದಕ್ಕೆ ಸಾಕು: ತೂಕವನ್ನು (ಕಿಲೋ) 10ರಿಂದ, ಎತ್ತರವನ್ನು (ಸೆಂ.ಮೀ.) 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ 5 ಪಟ್ಟು ಕಳೆಯಿರಿ. ಆಮೇಲೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. 38 ವರ್ಷದ, 62 ಕಿಲೋ ತೂಕದ, 158 ಸೆಂ.ಮೀ. ಎತ್ತರದ ಹೆಂಗಸಿಗೆ ಸುಮಾರು 1257 ಬರುತ್ತದೆ; ಸುಮ್ಮನೆ ವಿಶ್ರಾಂತಿಯಲ್ಲಿದ್ದರೂ ದೇಹ ದಿನಕ್ಕೆ ಬಳಸುವ ಕ್ಯಾಲೊರಿ ಇದು. ಕೂತು ಮಾಡುವ ಕೆಲಸದ ಜೊತೆ ಒಂದಿಷ್ಟು ನಡಿಗೆಯೂ ಇದ್ದರೆ 1.375ರಿಂದ ಗುಣಿಸಿ, ಸುಮಾರು 1730 ಆಗುತ್ತದೆ. ನಿಧಾನಕ್ಕೆ ತೂಕ ಇಳಿಸಬೇಕೆಂದರೆ 1500 ಗುರಿ ಇಡಬಹುದು. ಕಿಲೋಗೆ 1.2 ಗ್ರಾಂನಂತೆ ಪ್ರೋಟೀನ್ ಸುಮಾರು 75 ಗ್ರಾಂ. ಕ್ಯಾಲೊರಿಯ ಕಾಲು ಭಾಗ ಕೊಬ್ಬಿಗೆ ಬಿಟ್ಟರೆ 42 ಗ್ರಾಂ, ಉಳಿದದ್ದು ಕಾರ್ಬ್ (ಕಾರ್ಬೋಹೈಡ್ರೇಟ್), ಸುಮಾರು 205 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಅಂಕಿಗಳನ್ನು ಬದಲಿಸಬಾರದು.

1500ಕ್ಕೆ 75 ಗ್ರಾಂ ಎಂದರೆ 100 ಕ್ಯಾಲೊರಿಗೆ 5 ಗ್ರಾಂ. ಈ 5 ನಿಮ್ಮ ಜರಡಿ. ಅಕ್ಕಿ 2.2 ಕೊಡುತ್ತದೆ, ಜೋಳ 3, ಗೋಧಿ ಹಿಟ್ಟು 3.3. ತೊಗರಿಬೇಳೆ 6.6, ಕಡಲೆಬೇಳೆ 6.5, ಹೆಸರುಬೇಳೆ ಮತ್ತು ಪನೀರ್ 7.3ರ ಆಸುಪಾಸು. ಮೊಟ್ಟೆ 10ರ ಹತ್ತಿರ, ಚರ್ಮ ತೆಗೆದ ಕೋಳಿ ಎದೆಭಾಗ 12ಕ್ಕೂ ಮೇಲೆ, ಸೋಯಾ ಚಂಕ್ಸ್ 15. ಪ್ರೋಟೀನ್ ಎಂದು ಎಲ್ಲರೂ ಮುಷ್ಟಿಗಟ್ಟಲೆ ತಿನ್ನುವ ಶೇಂಗಾ 4.5ರಲ್ಲೇ ನಿಲ್ಲುತ್ತದೆ, ಏಕೆಂದರೆ ಅದರ ಕ್ಯಾಲೊರಿಯಲ್ಲಿ ಬಹುಪಾಲು ಎಣ್ಣೆಯಿಂದ ಬಂದದ್ದು. ಹಸಿ ತೆಂಗಿನಕಾಯಿ 1ನ್ನೂ ಮುಟ್ಟುವುದಿಲ್ಲ. 75 ಗ್ರಾಂ ಅಕ್ಕಿ, 25 ಗ್ರಾಂ ತೊಗರಿಬೇಳೆಯ ಅನ್ನ–ಸಾರು ಒಗ್ಗರಣೆಗೆ ಮುಂಚೆಯೇ 3.3ರಲ್ಲಿದೆ. ಮೂರು ಹೊತ್ತೂ ಅದೇ ಆದರೆ ಗುರಿ ಮುಟ್ಟುವುದು ಸಾಧ್ಯವೇ ಇಲ್ಲ.

ಈ ಅಂಕಿಗಳಿಗೆ ನಂಬಬಹುದಾದ ಮೂಲ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ. ನಮ್ಮ 528 ಆಹಾರಗಳ ವಿವರ ಅದರಲ್ಲಿದೆ. ಶಕ್ತಿಯನ್ನು ಅಲ್ಲಿ ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ. ಅಲ್ಲಿನ ಕಾರ್ಬ್ ಅಂಕಿಯಲ್ಲಿ ನಾರು ಸೇರಿಲ್ಲ, ಅಮೆರಿಕದ ಕೋಷ್ಟಕಗಳಲ್ಲಿ ಸೇರಿರುತ್ತದೆ. ಒಂದು ಸಾಮಗ್ರಿಗೆ ಇದನ್ನು, ಇನ್ನೊಂದಕ್ಕೆ ಅದನ್ನು ಹಿಡಿದರೆ ಕಾರ್ಬ್ ಮೊತ್ತ ತಾಳೆಯಾಗುವುದಿಲ್ಲ.

ರೆಸಿಪಿ ಹುಡುಕುವಾಗ

ಕ್ಯಾಲೊರಿಯ ಹೆಸರು ಬಿಟ್ಟು ಸಾಮಗ್ರಿ ಮತ್ತು ವಿಧಾನ ಹಾಕಿ ಹುಡುಕಿ: ಮಟಕಿ (ಮಡಕೆ ಕಾಳು) ಉಸಳ, ಹೆಸರುಬೇಳೆ ದೋಸೆ, ಕಾಳು ಪಲ್ಯ, ಕಡಲೆಹಿಟ್ಟಿನ ಪಿಠಲ, ಮೊಟ್ಟೆ ಬುರ್ಜಿ. ಮರಾಠಿ ಹೆಸರಿನಲ್ಲೂ ಹುಡುಕಿ; ಮೊಳಕೆ ಕಾಳಿನ ಅಡುಗೆಗಳಲ್ಲಿ ಮಹಾರಾಷ್ಟ್ರ ಬಲು ಶ್ರೀಮಂತ, ದಾದರ್, ಮಾಟುಂಗಾದ ಮಂಡಿಗಳಲ್ಲಿ ಮೊಳಕೆಯೊಡೆದ ಮಟಕಿ ಸಿದ್ಧವಾಗಿಯೇ ಸಿಗುತ್ತದೆ. ಸಾಮಗ್ರಿ ಗ್ರಾಂನಲ್ಲಿದೆಯೇ, ಎಷ್ಟು ಜನಕ್ಕೆ ಎಂದಿದೆಯೇ, ಎಣ್ಣೆಯ ಅಳತೆ ಕೊಟ್ಟಿದ್ದಾರೆಯೇ ಎಂದು ನೋಡಿ. ‘ಒಗ್ಗರಣೆಗೆ ಬೇಕಾದಷ್ಟು ಎಣ್ಣೆ’ ಎಂದು ಬರೆದ ರೆಸಿಪಿಯ ಪೌಷ್ಟಿಕಾಂಶ ಪಟ್ಟಿಯನ್ನು ನಂಬಬೇಡಿ. ಒಂದು ಟೀ ಚಮಚ ಎಣ್ಣೆ ಸುಮಾರು 40 ಕ್ಯಾಲೊರಿ, ದೊಡ್ಡ ಚಮಚ 120.

ಪಟ್ಟಿಯನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಪ್ರೋಟೀನ್ ಮತ್ತು ಕಾರ್ಬ್‌ನ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. ಪ್ರೋಟೀನ್ 30, ಕಾರ್ಬ್ 40, ಕೊಬ್ಬು 20 ಎಂದು ಬರೆದು ಒಟ್ಟು 300 ಕ್ಯಾಲೊರಿ ಎಂದಿದ್ದರೆ ಎಲ್ಲೋ ತಪ್ಪಿದೆ, ಲೆಕ್ಕಕ್ಕೆ 460 ಬರಬೇಕು. ನಾರಿನ ಕಾರಣಕ್ಕೆ ಹತ್ತಿಪ್ಪತ್ತು ಹೆಚ್ಚುಕಡಿಮೆ ಆಗಬಹುದು, ಅದಕ್ಕಿಂತ ದೊಡ್ಡ ಅಂತರ ಇರಬಾರದು.

ಮನೆಯ ಅಡುಗೆಯನ್ನೇ ತಿದ್ದುವುದು

ಹೊಸ ರೆಸಿಪಿಗಿಂತ ಇದೇ ಹೆಚ್ಚು ದಿನ ಬಾಳುತ್ತದೆ. ಉತ್ತರ ಕರ್ನಾಟಕದಿಂದ ಪುಣೆಗೆ ಬಂದವರ ಮನೆಯ ಝುಣಕ–ರೊಟ್ಟಿಯನ್ನೇ ತೆಗೆದುಕೊಳ್ಳಿ. 50 ಗ್ರಾಂ ಕಡಲೆಹಿಟ್ಟು, 100 ಗ್ರಾಂ ಈರುಳ್ಳಿ, 2 ಟೀ ಚಮಚ ಎಣ್ಣೆ, 80 ಗ್ರಾಂ ಜೋಳದ ಹಿಟ್ಟಿನ ಎರಡು ಭಾಕರಿ: ಸುಮಾರು 560 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಅನುಪಾತ 3.6.

ಈಗ ಎಣ್ಣೆಯನ್ನು ಒಂದು ಚಮಚಕ್ಕೆ ಇಳಿಸಿ, ಭಾಕರಿ ಒಂದೇ ಸಾಕು, 50 ಗ್ರಾಂ ಹಿಟ್ಟಿನದು. 15 ಗ್ರಾಂ ಸೋಯಾ ಗ್ರ್ಯಾನ್ಯೂಲ್ಸನ್ನು ಬಿಸಿನೀರಲ್ಲಿ 10 ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ, ಈರುಳ್ಳಿಯ ಜೊತೆ ಬಾಡಿಸಿ, ಆಮೇಲೆ ಹಿಟ್ಟು ಹಾಕಿ. ಪಕ್ಕದಲ್ಲಿ ಟೋನ್ಡ್ ಹಾಲಿನ 150 ಗ್ರಾಂ ಮೊಸರು. ಒಟ್ಟು ಕ್ಯಾಲೊರಿ ಸುಮಾರು 570, ಪ್ರೋಟೀನ್ 30 ಗ್ರಾಂ, ಅನುಪಾತ 5 ದಾಟಿತು. ಹಿಂಡದಿದ್ದರೆ ಸೋಯಾದ ವಾಸನೆ ಉಳಿಯುತ್ತದೆ, ಝುಣಕವೂ ಮುದ್ದೆಯಾಗುತ್ತದೆ. ಎಣ್ಣೆ ಕಡಿಮೆಯಾದ್ದರಿಂದ ಹಿಟ್ಟು ಹಸಿಯಾಗಿ ಉಳಿಯುವ ಅಪಾಯವಿದೆ. ಅದನ್ನು ಮೊದಲೇ ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದುಕೊಳ್ಳಿ, ಕೊನೆಗೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ.

ಮೊಸರಿನ ವಿಷಯದಲ್ಲಿ ಮುಂಬೈಯವರು ಎಚ್ಚರವಾಗಿರಬೇಕು. ಇಲ್ಲಿ ಎಮ್ಮೆ ಹಾಲಿನ ಬಳಕೆ ಹೆಚ್ಚು, ಅದರ ಅನುಪಾತ 3.4 ಮಾತ್ರ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಡಬಲ್ ಟೋನ್ಡ್‌ನಲ್ಲಿ ಶೇ. 1.5, ಫುಲ್ ಕ್ರೀಮ್‌ನಲ್ಲಿ ಶೇ. 6. ಪ್ರೋಟೀನ್ ಹೆಚ್ಚುಕಡಿಮೆ ಒಂದೇ, ಕ್ಯಾಲೊರಿ ಮಾತ್ರ ಏರುತ್ತದೆ.

ಮಂಗಳೂರು, ಗೋವಾ ಕಡೆಯ ಅಡುಗೆಯಲ್ಲಿ ಕೈ ತಪ್ಪುವುದು ತೆಂಗಿನಕಾಯಿಯಲ್ಲಿ. 50 ಗ್ರಾಂ ತುರಿಯಲ್ಲಿ 200 ಕ್ಯಾಲೊರಿ, 20 ಗ್ರಾಂ ಕೊಬ್ಬು. ದಿನದ ಕೊಬ್ಬಿನ ಪಾಲಿನ ಅರ್ಧ ಅಲ್ಲಿಗೇ ಮುಗಿಯಿತು. ಮೀನನ್ನು ಬಿಡಬೇಕಿಲ್ಲ. ಬಂಗುಡೆಗೆ ಗಸಿಯ ಬದಲು ಪುಳಿಮುಂಚಿ ಮಾಡಿ, ಹುಣಸೆ–ಮೆಣಸಿನ ಆ ಮಸಾಲೆಗೆ ಕಾಯಿ ಬೇಕಿಲ್ಲ. ಮೀನನ್ನು ತಲೆ, ಮುಳ್ಳಿನ ತೂಕ ಕಳೆದೇ ಲೆಕ್ಕ ಹಿಡಿಯಬೇಕು. ಹಸಿ ಬೊಂಬಿಲ್ ಮೀನಿನಲ್ಲಿ ನೀರೇ ಹೆಚ್ಚು, ಗ್ರಾಂಗೆ ಗ್ರಾಂ ಹೋಲಿಸಿದರೆ ಬಂಗುಡೆಗಿಂತ ಬಹಳ ಕಡಿಮೆ ಪ್ರೋಟೀನ್; ರವೆ ಹಚ್ಚಿ ಕರಿದರೆ ಎಣ್ಣೆಯ ಲೆಕ್ಕವೇ ಬೇರೆ.

ತೂಗುವುದು ಯಾವಾಗಲೂ ಹಸಿಯಾಗಿಯೇ. 100 ಗ್ರಾಂ ಅಕ್ಕಿ ಬೆಂದರೆ 280–300 ಗ್ರಾಂ ಅನ್ನವಾಗುತ್ತದೆ. ಅನ್ನ ತೂಗಿ ಅಕ್ಕಿಯ ಅಂಕಿ ಹಾಕಿದರೆ ಮೂರು ಪಟ್ಟು ತಪ್ಪು. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡುವಾಗ ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಬೆಂದ ಉಸಳ 1200 ಗ್ರಾಂ, ಒಟ್ಟು 840 ಕ್ಯಾಲೊರಿ ಇದ್ದರೆ ನಿಮ್ಮ 250 ಗ್ರಾಂಗೆ 175.

ಉಪವಾಸದ ದಿನಗಳನ್ನು ಬೇರೆಯಾಗಿಯೇ ಯೋಚಿಸಬೇಕು. ಸಂಕಷ್ಟಿ, ಏಕಾದಶಿಯ ಸಾಬೂದಾಣಿ ಖಿಚಡಿ ಬಹುತೇಕ ಬರೀ ಪಿಷ್ಟ, ಪ್ರೋಟೀನ್ ಬರುವುದು ಶೇಂಗಾ ಪುಡಿಯಿಂದಷ್ಟೇ. ಸಾಬೂದಾಣಿಯನ್ನು 40 ಗ್ರಾಂಗೆ ಇಳಿಸಿ, ಜೊತೆಗೆ ಪನೀರ್ ಅಥವಾ ಡಬಲ್ ಟೋನ್ಡ್ ಹಾಲಿನ ಗಟ್ಟಿ ಮೊಸರು ಇಟ್ಟುಕೊಳ್ಳಿ. ಡೇರಿಯಲ್ಲಿ ಸಕ್ಕರೆ ಹಾಕದ ಚಕ್ಕಾ (ನೀರು ಬಸಿದ ಮೊಸರು) ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಅದು ಯಾವ ಹಾಲಿನದು ಎಂದು ಕೇಳಿಯೇ ಕೊಳ್ಳಿ.

ಮೆಸ್‌ನ ಡಬ್ಬಾ ತರಿಸುವವರಿಗೆ ಎಣ್ಣೆ ಅಳೆಯಲು ದಾರಿಯಿಲ್ಲ. ಪ್ರತಿ ಪಲ್ಯಕ್ಕೆ ಎರಡು ಟೀ ಚಮಚ ಎಣ್ಣೆ ಎಂದು ಹಿಡಿದು, ಮೇಲೆ ತೇಲುವುದನ್ನು ಚಮಚದಲ್ಲಿ ತೆಗೆದುಬಿಡಿ. ಅನ್ನ ಅರ್ಧಕ್ಕೆ ನಿಲ್ಲಿಸಿ, ಬೇಯಿಸಿದ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಮಟಕಿ ಮನೆಯಿಂದ ಒಯ್ಯಿರಿ. ಒಂದೆರಡು ವಾರ ಹೀಗೆ ಮಾಡಿಯೂ ತೂಕ ಕದಲದಿದ್ದರೆ ಪಲ್ಯಕ್ಕೆ ಮೂರು ಚಮಚ ಎಂದು ತಿದ್ದಿ ಮತ್ತೆ ಲೆಕ್ಕ ಹಾಕಿ.